ಗೇಟಿನ ಡೋರ್‌ಫೋನ್ ರಿಂಗ್ ಆಗುತ್ತೆ, ಲಾಕ್ ಬಿಡಲ್ಲ, ಮಾತಲ್ಲಿ ಗುಂಯ್ ಸದ್ದು

ಪ್ರಶ್ನೆ, ಚಿಕ್ಕಮಗಳೂರು:
ಕಾಫಿ ಗೋದಾಮಿನ ಆಫೀಸು. 8 ಎಕ್ಸ್‌ಟೆನ್ಷನ್ನಿನ (ಒಳಗಿನ ಫೋನಿನ) ಅನಲಾಗ್ ಇಪಿಎಬಿಎಕ್ಸ್, ಅಂದ್ರೆ ಆಫೀಸಿನ ಫೋನುಗಳನ್ನು ಜೋಡಿಸೋ ಪೆಟ್ಟಿಗೆ. ಗೇಟಿಗೆ 60 ಮೀಟರ್, ಒಂದೇ ಕ್ಯಾಟ್-5ಇ (ನೆಟ್‌ವರ್ಕಿನ) ಕೇಬಲ್. ನೀಲಿ, ಕಂದು ತಂತಿ ಫೋನಿಗೆ. ಅವುಗಳ ಜೊತೆಗಿನ ಎರಡು ಬಿಳಿ ತಂತಿ ಲಾಕಿಗೆ. ಲಾಕ್ 12 ವೋಲ್ಟ್, ಅರ್ಧ ಆಂಪಿಯರ್, ಅಡಾಪ್ಟರ್ ಆಫೀಸಲ್ಲಿದೆ. ಕೋಡ್ ಒತ್ತಿದ್ರೆ ರಿಲೇ (ಲಾಕಿಗೆ ಕರೆಂಟ್ ಬಿಡೋ ಸ್ವಿಚ್) ಟಕ್ ಅನ್ನುತ್ತೆ, ಲಾಕ್ ಅಲ್ಲಾಡಲ್ಲ. ಲಾಕಿನ ತಂತಿ ಬಿಚ್ಚಿ ಮೀಟರ್ ಹಿಡಿದ್ರೆ 12 ಬರುತ್ತೆ. ಲಾಕೇ ಹೋಗಿದ್ಯಾ?

ಉತ್ತರ, ಹಾಸನ:
ಲಾಕ್ ಸರಿಯಾಗೇ ಇದೆ ಅನ್ಸುತ್ತೆ ಸರ್. ಬಿಚ್ಚಿ ಅಳೆದ್ರೆ 12 ತೋರಿಸಲೇಬೇಕು, ಕರೆಂಟೇ ಹರೀತಿಲ್ವಲ್ಲ. ತಂತಿ ಹಾಕಿದ ಹಾಗೇ ಇರಲಿ, ಒಳಗಿಂದ ಒಬ್ರು ಕೋಡ್ ಒತ್ತುವಾಗ ಲಾಕಿನ ಟರ್ಮಿನಲ್ ಮೇಲೆ ಅಳೀರಿ. 12 ವೋಲ್ಟನ್ನು ಅರ್ಧ ಆಂಪಿಯರಿನಿಂದ ಭಾಗಿಸಿದ್ರೆ ನಿಮ್ಮ ಲಾಕಿನ ಕಾಯಿಲ್ಲಿನ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) 24 ಓಮ್. ತಾಮ್ರದ ಕ್ಯಾಟ್-5ಇ 60 ಮೀಟರ್ ಹೋಗಿ ಬರೋಕೆ ಸುಮಾರು 11 ಓಮ್. 12 ವೋಲ್ಟನ್ನು ಕೇಬಲ್ಲು, ಲಾಕು ಹಂಚಿಕೊಂಡ ಮೇಲೆ ಲಾಕಿಗೆ ಸಿಗೋದು 8 ವೋಲ್ಟ್ ಚಿಲ್ಲರೆ, ಅದಕ್ಕೇ ಅಲ್ಲಾಡ್ತಿಲ್ಲ.

ಗುಂಯ್ ಸದ್ದಿಗೆ ಕಾರಣ ನೀವೇ ಬರೆದಿದ್ದೀರಿ. ನೀಲಿ, ಕಂದು ಬೇರೆ ಬೇರೆ ಜೋಡಿಯವು. ಒಂದಕ್ಕೊಂದು ಹೊಸೆದ ಜೋಡಿಯಲ್ಲೇ ಮಾತು ಹೋದ್ರೆ ಹೊರಗಿನ ಸದ್ದು ಎರಡೂ ತಂತಿಗೆ ಸಮನಾಗಿ ಬಿದ್ದು ಕಳೆದುಹೋಗುತ್ತೆ. ಜೋಡಿ ಒಡೆದ್ರೆ ಉಳಿಯುತ್ತೆ. ಫೋನಿಗೆ ನೀಲಿ ಮತ್ತು ಬಿಳಿ-ನೀಲಿ ಹಾಕಿ. 230 ವೋಲ್ಟ್ ಪೈಪಿಗೆ ಕೇಬಲ್ ಕಟ್ಟಿದ್ರೆ ಬಿಡಿಸಿ ಒಂದು ಅಡಿ ದೂರ ಇಡಿ.

ಪ್ರಶ್ನೆ, ಚಿಕ್ಕಮಗಳೂರು:
ಜೋಡಿ ಸರಿ ಮಾಡಿದೆ, ಸದ್ದು ನಿಂತಿತು. ಲಾಕಿನ ಮೇಲೆ ಬಂದಿದ್ದು 7. ನೀವು ಹೇಳಿದ 8 ಅಲ್ಲ.

ಉತ್ತರ, ಹಾಸನ:
ಆ ಒಂದು ವೋಲ್ಟ್ ಕೇಬಲ್ಲಿನ ಗುಟ್ಟು. ತಂತಿಯ ತುದಿ ಬ್ಲೇಡಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡ್ರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ರೆಸಿಸ್ಟೆನ್ಸ್ ತಾಮ್ರಕ್ಕಿಂತ ಒಂದೂವರೆ ಪಟ್ಟು. ಮಾತಿಗೆ ಅಡ್ಡಿಯಿಲ್ಲ, ಆದ್ರೆ ಎರಡು ಸಲ ಬಗ್ಗಿಸಿದ್ರೆ ಮುರಿಯುತ್ತೆ, ಮಲೆನಾಡಿನ ಮಳೆಗೆ ಜಾಯಿಂಟಲ್ಲಿ ಬೇಗ ಕೊಳೆಯುತ್ತೆ.

ಲಾಕಿಗೆ ಬೇರೆಯೇ 1.5 ಸ್ಕ್ವೇರ್ ಎಂಎಂ ಎರಡು ಕೋರ್ ತಾಮ್ರದ ವೈರ್ ಎಳೀರಿ. ಹೋಗಿ ಬರೋಕೆ ಒಂದೂವರೆ ಓಮ್ ಅಷ್ಟೇ. ವಾಚ್‌ಮನ್ ಕೋಣೆಯಲ್ಲಿ ಪ್ಲಗ್ ಇದ್ದು, ರಿಲೇಯೂ ಗೇಟಲ್ಲೇ ಇದ್ರೆ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಅಲ್ಲೇ ಇಡೋದು ಇನ್ನೂ ಸುಲಭ. ಲಾಕಿನ ಎರಡು ತುದಿಗೆ ಅಡ್ಡಲಾಗಿ 1ಎನ್4007 ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡೋ ಬಿಡಿಭಾಗ) ಹಾಕಿ, ಬೆಳ್ಳಿ ಗೆರೆಯ ತುದಿ ಪ್ಲಸ್ಸಿಗೆ. ತಿರುಗಿಸಿ ಹಾಕಿದ್ರೆ ಅಡಾಪ್ಟರ್ ಶಾರ್ಟ್. ಹಾಕದೇ ಬಿಟ್ರೆ ರಿಲೇಯ ಕಾಂಟ್ಯಾಕ್ಟ್ ಕಿಡಿ ಹಾರಿ ಸುಡುತ್ತೆ. ರಿಲೇ ಗೇಟಿನ ಹೊರಪೆಟ್ಟಿಗೆಯಲ್ಲಿದ್ರೆ ಯಾರೋ ಸ್ಕ್ರೂ ಬಿಚ್ಚಿ ಎರಡು ತಂತಿ ಮುಟ್ಟಿಸಿದ್ರೂ ಬಾಗಿಲು ತೆರೆಯುತ್ತೆ, ಅದನ್ನೂ ಯೋಚಿಸಿ.

ಪ್ರಶ್ನೆ, ಚಿಕ್ಕಮಗಳೂರು:
ಇದೇ ದಾರೀಲಿ ಇನ್ನೊಂದು. ಆಫೀಸಿನ ನೆಟ್‌ವರ್ಕ್ ಸಾಕೆಟ್ಟಲ್ಲೇ ಎಕ್ಸ್‌ಟೆನ್ಷನ್ ಕೊಡಬಹುದಾ?

ಉತ್ತರ, ಹಾಸನ:
ಕೊಡಬಹುದು. ಇಪಿಎಬಿಎಕ್ಸ್ ಜೋಡಿಯನ್ನು ಕ್ರೋನ್‌ನಿಂದ (ಫೋನ್ ತಂತಿ ಸೇರಿಸೋ ಪಟ್ಟಿ) ಪ್ಯಾಚ್ ಪ್ಯಾನೆಲ್ಲಿನ (ನೆಟ್‌ವರ್ಕ್ ಸಾಕೆಟ್ಟುಗಳ ತಂತಿ ಬಂದು ಸೇರೋ ಫಲಕ) 4, 5ನೇ ಪಿನ್ನಿಗೆ, ಅಂದ್ರೆ ನೀಲಿ ಜೋಡಿಗೆ ತನ್ನಿ. ಆ ಪೋರ್ಟಿಗೆ ಕೆಂಪು ಸ್ಟಿಕ್ಕರ್ ಅಂಟಿಸಿ: ಮರೆತು ನೆಟ್‌ವರ್ಕ್ ಸ್ವಿಚ್ಚಿಗೆ ಪ್ಯಾಚ್ ಮಾಡಿದ್ರೆ ರಿಂಗಿನ 75 ವೋಲ್ಟ್ ಎಸಿ ಸ್ವಿಚ್ ಪೋರ್ಟನ್ನೇ ತಿನ್ನಬಹುದು. ಫೋನಿನ ಸಣ್ಣ ಆರ್‌ಜೆ-11 ಪ್ಲಗ್ಗನ್ನು ನೇರವಾಗಿ ನೆಟ್‌ವರ್ಕಿನ ಆರ್‌ಜೆ-45 ಸಾಕೆಟ್ಟಿಗೆ ತುರುಕಬೇಡಿ, 1 ಮತ್ತು 8ನೇ ಪಿನ್ ಬಗ್ಗಿ ಆಮೇಲೆ ಅಲ್ಲಿ ನೆಟ್‌ವರ್ಕ್ ಹಿಡಿಯಲ್ಲ. ಒಂದು ತುದಿ ಆರ್‌ಜೆ-11, ಇನ್ನೊಂದು ಆರ್‌ಜೆ-45 ಇರೋ ವೈರ್ ಕ್ರಿಂಪ್ ಮಾಡ್ಕೊಳ್ಳಿ.