ಪದ ಬೇಕು: ಮೈನ್‌ಸ್ವೀಪರ್‌ಗೆ ಕನ್ನಡದಲ್ಲಿ ಏನು? (ಇವತ್ತು ಸಂಜೆಯೊಳಗೆ)

ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳು ಥರ್ಮಕೋಲ್‌ನಲ್ಲಿ ಎರಡು ಹಡಗು ಮಾಡಿದ್ದಾರೆ, ಮಲ್ಪೆ ಮತ್ತು ಮೂಲ್ಕಿ. 1983-84ರಲ್ಲಿ ಸೋವಿಯತ್ ಒಕ್ಕೂಟದಿಂದ ನಮ್ಮ ನೌಕಾಪಡೆಗೆ ಬಂದ ಆರು ಸಣ್ಣ ಮೈನ್‌ಸ್ವೀಪರ್‌ಗಳಲ್ಲಿ, ಅಂದರೆ ನೀರೊಳಗೆ ಅಡಗಿಸಿಟ್ಟ ಸಿಡಿಮದ್ದನ್ನು (ಮೈನ್) ತೆಗೆಯುವ ಹಡಗುಗಳಲ್ಲಿ, ಇವೂ ಎರಡು. ಉದ್ದ ಸುಮಾರು 25 ಮೀಟರ್, ಕೆಲಸ ದಡದ ಹತ್ತಿರ ಇತ್ತು. ಕಬ್ಬಿಣದ ಹಡಗು ಬಳಿ ಬಂದರೆ ಸಾಕು, ಸಿಡಿಯುವ ಮೈನ್‌ಗಳಿವೆಯಲ್ಲ, ಅದಕ್ಕೇ ಇವುಗಳ ಒಡಲು ಫೈಬರ್‌ನದಾಗಿತ್ತು.

ಬೋರ್ಡಿಗೆ ಒಬ್ಬರು ‘ಗಣಿ ನಿವಾರಕ ನೌಕೆ’ ಅಂತ ಬರೆದುಕೊಟ್ಟರು. ಓದಿದ ಹುಡುಗಿ, ‘ಮಿಸ್, ಹೊಳಲ್ಕೆರೆ ಕಡೆ ಅದಿರು ತೆಗೀತಾರಲ್ಲ, ಅದನ್ನ ನಿಲ್ಲಿಸೋ ಹಡಗಾ?’ ಅಂದಳು. ಅವಳ ತಪ್ಪಲ್ಲ. ಈ ಆರೂ ಹಡಗುಗಳ ಗುಂಪಿನ ಹೆಸರು ‘ಮಾಹೆ ವರ್ಗ’, ಹಾಗೇ ಹಾಕಿದರೆ ತಿಂಗಳು ಅಂದುಕೊಳ್ಳುತ್ತಾರೆ. ಫ್ಲೆಕ್ಸ್ ಅಂಗಡಿಯವರು ಆರು ಗಂಟೆಗೆ ಮ್ಯಾಟರ್ ಕೇಳಿದ್ದಾರೆ.

ಚಿತ್ರದುರ್ಗದಿಂದ:

ಗಣಿ ಬೇಡವೇ ಬೇಡ. ಸುರಂಗ ಅನ್ನಿ. ಹಿಂದೆ ಕೋಟೆ ಗೋಡೆಯ ಬುಡಕ್ಕೆ ಸುರಂಗ ತೋಡಿ, ಮದ್ದು ತುಂಬಿ ಸಿಡಿಸುತ್ತಿದ್ದರು. ಇಂಗ್ಲಿಷಿನ ಮೈನ್‌ಗೆ ಸಿಡಿಯುವ ಅರ್ಥ ಬಂದದ್ದೇ ಅಲ್ಲಿಂದ. ಹಿಂದಿಯವರೂ ಸುರಂಗ ಅಂತಲೇ ಇಟ್ಟುಕೊಂಡಿದ್ದಾರೆ. ‘ಸುರಂಗ ಗುಡಿಸುವ ಹಡಗು’.

ಹರಿಹರದಿಂದ:

ಆಗಲ್ಲ. ಕನ್ನಡದಲ್ಲಿ ಸುರಂಗ ಅಂದರೆ ದಾರಿ. ನೀರಲ್ಲಿ ತೇಲುವುದಕ್ಕೆ ಆ ಹೆಸರೇ? ಅದೂ ಬೇರೆ ಭಾಷೆಯಿಂದ ಸಾಲ ತಂದ ಪದವೇ, ಮೂಲ ಗ್ರೀಕಿನ ಸಿರಿಂಕ್ಸ್ ಅನ್ನುತ್ತಾರೆ ಪಂಡಿತರು. ಮದ್ದು ಅಚ್ಚಗನ್ನಡ. ನಿಮ್ಮ ಕೋಟೆಯಲ್ಲೇ ಮದ್ದು ಬೀಸುವ ಕಲ್ಲುಗಳಿವೆ, ಹೋಗಿ ನೋಡಿ. ಗುಡಿಸುವುದೂ ಬೇಡ, ಅದು ಇಂಗ್ಲಿಷಿನ ಸ್ವೀಪ್‌ನ ನೆರಳು. ‘ಕಡಲಮದ್ದು ಜಾಲಾಡುವ ಹಡಗು’ ಅಂತ ಬರೆಯಿರಿ.

ಚಿತ್ರದುರ್ಗದಿಂದ:

ಮದ್ದು ಅಂದರೆ ಔಷಧಿಯೂ ಹೌದು. ಕಡಲಮದ್ದು ಅಂದರೆ ಮಕ್ಕಳು ಮೀನೆಣ್ಣೆ ಅಂದುಕೊಳ್ಳುತ್ತಾರೆ. ಸಾಲ ಸಾಲ ಅಂತ ಸುಮ್ನೆ ಯಾಕೆ ರೇಗುತ್ತೀರಿ? ಫಿರಂಗಿ, ತೋಪು, ಬಂದೂಕು ಎಲ್ಲ ಹೊರಗಿಂದ ಬಂದವೇ. ಅವನ್ನು ಬಿಟ್ಟು ದುರ್ಗದ ಕಾಳಗದ ಕಥೆ ಹೇಳಿ ನೋಡೋಣ.

ಸುರಂಗ ಒಪ್ಪದಿದ್ದರೆ ಬಿಡಿ, ಮೈನ್ ಅಂತಲೇ ಇರಲಿ. ಆದರೆ ಗುಡಿಸು ಬಿಡಬೇಡಿ. ಜಾಲಾಡುವುದು ಅಂದರೆ ಹುಡುಕುವುದು. ಒಂದೊಂದೇ ಮೈನ್ ಹುಡುಕಿ ಒಡೆಯುವ ಹಡಗು ಬೇರೆ, ಅದು ಮೈನ್‌ಹಂಟರ್. ಇದು ಹಿಂದುಗಡೆ ಉದ್ದನೆಯ ಉಕ್ಕಿನ ಹಗ್ಗ ಎಳೆದುಕೊಂಡು ಹೋಗುತ್ತದೆ. ಆ ಹಗ್ಗಕ್ಕೆ ಕಟ್ಟಿದ ಕತ್ತರಿ, ಮೈನ್ ಅನ್ನು ತಳಕ್ಕೆ ಬಿಗಿದ ತಂತಿಯನ್ನು ಕತ್ತರಿಸುತ್ತದೆ. ಮೈನ್ ಮೇಲೆ ತೇಲುತ್ತದೆ. ಆಮೇಲೆ ದೂರದಿಂದ ಗುಂಡು ಹೊಡೆದು ಮುಗಿಸುತ್ತಾರೆ. ಮತ್ತೆ ಪಕ್ಕದ ಪಟ್ಟಿ, ಮತ್ತೆ ಅದರ ಪಕ್ಕದ್ದು. ಅಂಗಳ ಗುಡಿಸುವುದೂ ಹೀಗೇ ಅಲ್ವಾ?

ದಾವಣಗೆರೆಯಿಂದ:

ಅಂಗಡಿಯಿಂದ ಎರಡು ಸಲ ಫೋನ್ ಬಂತು. ಹೀಗೆ ಕಳಿಸಿದ್ದೇನೆ: ‘ಮಲ್ಪೆ, ಮೂಲ್ಕಿ. ಕಡಲಿನ ಮೈನ್ ಗುಡಿಸುವ ಸಣ್ಣ ಹಡಗುಗಳು. ಮೈನ್ ಅಂದರೆ ನೀರೊಳಗೆ ಅಡಗಿಸಿಟ್ಟ ಬಾಂಬು.’ ಮಾಹೆಯನ್ನು ‘ಮಾಹೆ ಎಂಬ ಊರಿನ ಹೆಸರಿನ ವರ್ಗ’ ಅಂತ ಬಿಡಿಸಿ ಬರೆದೆ. ಇಬ್ಬರಿಗೂ ಧನ್ಯವಾದ ಸರ್.

ಹರಿಹರದಿಂದ:

ಮೈನ್ ಸಾಲದು ಅಂತ ಬಾಂಬು ಬೇರೆ. ನನ್ನ ಒಪ್ಪಿಗೆ ಇಲ್ಲ.