ಗ್ಯಾಲಪ್ ಆದ ಮೇಲೆ ಅಲನಿನ್ ದುಪ್ಪಟ್ಟು: ಕುದುರೆಯ ಸ್ನಾಯು ಕರಗ್ತಿದೆಯಾ?

ಗೋಣಿಕೊಪ್ಪ_ಲಾಯ:
ಮೈಸೂರಿನ ರೇಸಿನಲ್ಲಿ ಓಡುತ್ತಿದ್ದ ಥರೋಬ್ರೆಡ್ ಕುದುರೆ, ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು), ತೂಕ ಸುಮಾರು 480 ಕೆ.ಜಿ. ವಿಶ್ರಾಂತಿ ಮುಗಿಸಿ ಮತ್ತೆ ಕೆಲಸಕ್ಕೆ ಬಿಟ್ಟಿದ್ದೇವೆ. ಕೊಯ್ಲಾದ ಗದ್ದೆಯಲ್ಲಿ 1,000 ಮೀಟರ್ ಪೂರ್ತಿ ವೇಗದ ಗ್ಯಾಲಪ್. ಓಟಕ್ಕೆ ಮೊದಲು ಒಂದು, ಮುಗಿದ 5 ನಿಮಿಷಕ್ಕೆ ಇನ್ನೊಂದು ರಕ್ತದ ಸ್ಯಾಂಪಲ್. ರಕ್ತ ಹೆಪ್ಪುಗಟ್ಟದ ಹೆಪಾರಿನ್ ಟ್ಯೂಬ್, ಐಸ್ ಪ್ಯಾಕ್ ಇಟ್ಟು ಪ್ಲಾಸ್ಮಾ (ರಕ್ತಕಣ ಬಿಟ್ಟು ಉಳಿದ ದ್ರವ) ಬೇರ್ಪಡಿಸದೆ ರಾತ್ರಿ ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸಿದ್ದು. ಪ್ಲಾಸ್ಮಾದ ಅಮೈನೋ ಆಮ್ಲಗಳ, ಅಂದರೆ ಪ್ರೋಟೀನಿನ ಬಿಡಿಭಾಗಗಳ, ರಿಪೋರ್ಟ್ ಹೀಗಿದೆ (ಓಟಕ್ಕೆ ಮೊದಲು → ನಂತರ, ಲೀಟರಿಗೆ ಮೈಕ್ರೋಮೋಲ್):

ಅಲನಿನ್ 220 → 430
ಲ್ಯೂಸಿನ್ 110 → 126
ವ್ಯಾಲಿನ್ 210 → 240
ಗ್ಲುಟಮಿನ್ 340 → 280
ಗ್ಲುಟಮೇಟ್ 45 → 150

ಟೋಟಲ್ ಪ್ರೋಟೀನ್ 100 ಮಿ.ಲೀ.ಗೆ 6.5ರಿಂದ 7.5 ಗ್ರಾಂಗೆ ಹೋಗಿದೆ. ಲ್ಯಾಕ್ಟೇಟ್ (ಜೋರು ಓಟದಲ್ಲಿ ಸ್ನಾಯುವಿನಿಂದ ರಕ್ತಕ್ಕೆ ಬರುವುದು) ಗದ್ದೆಯಲ್ಲೇ ಮೀಟರಿಗೆ ಹಾಕಿ ನೋಡಿದ್ದು, ಲೀಟರಿಗೆ 22 ಮಿಲಿಮೋಲ್. ಎರಡನೇ ಟ್ಯೂಬಿನ ಪ್ಲಾಸ್ಮಾ ಗುಲಾಬಿ ಬಣ್ಣ ಅಂತಲೂ ಬರೆದಿದ್ದಾರೆ. ಸಪ್ಲಿಮೆಂಟ್ ಮಾರುವವರು "ಸ್ನಾಯು ಕರಗಿ ರಕ್ತಕ್ಕೆ ಬರ್ತಿದೆ, ಬಿಸಿಎಎ ಪೌಡರ್ ಶುರು ಮಾಡಿ" ಅಂತಾರೆ (ಲ್ಯೂಸಿನ್, ವ್ಯಾಲಿನ್ ಥರದ ಅಮೈನೋ ಆಮ್ಲಗಳ ಪುಡಿ). ತಿಳಿದವರು ಹೇಳಿ.

ಪಶುವೈದ್ಯ_ವಿರಾಜಪೇಟೆ:
ಮೊದಲು ನೀರಿನ ಲೆಕ್ಕ ಮಾಡಿ ಸಾರ್. ಜೋರು ಓಟದಲ್ಲಿ ರಕ್ತನಾಳದ ನೀರು ಸ್ನಾಯುವಿನ ಕಡೆ ಸರಿಯುತ್ತದೆ, ಉಳಿದ ಪ್ಲಾಸ್ಮಾ ದಪ್ಪಗಾಗುತ್ತದೆ. ಹಾಗಾಗಿ ಏನೂ ಹೊಸದಾಗಿ ಸೇರದಿದ್ದರೂ ಎಲ್ಲ ಅಂಕಿಯೂ ಏರಿದಂತೆ ಕಾಣುತ್ತದೆ. ಎರಡನೇ ಸ್ಯಾಂಪಲಿನ ಪ್ರತಿ ಅಂಕಿಯನ್ನೂ ಟೋಟಲ್ ಪ್ರೋಟೀನಿನ ಅನುಪಾತ 6.5 ÷ 7.5, ಅಂದರೆ 0.867ರಿಂದ ಗುಣಿಸಿ. ಲ್ಯೂಸಿನ್ 109, ವ್ಯಾಲಿನ್ 208. ಎರಡೂ ಕದಲಿಲ್ಲ. ಅಲನಿನ್ 373, ಇದು ಮಾತ್ರ ನಿಜವಾದ ಏರಿಕೆ.

ಈ ಲೆಕ್ಕಕ್ಕೆ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಬಳಸಬೇಡಿ. ಕುದುರೆಯ ಗುಲ್ಮ (ಸ್ಪ್ಲೀನ್) ಕೆಂಪು ಕಣಗಳ ಉಗ್ರಾಣ. ಓಟದಲ್ಲಿ ಅದು ಸಂಕುಚಿಸಿ ಪಿಸಿವಿ 40ರ ಆಸುಪಾಸಿನಿಂದ 60–65ಕ್ಕೆ ಜಿಗಿಯುತ್ತದೆ. ಅದನ್ನು ನೀರಿನ ನಷ್ಟ ಅಂದುಕೊಂಡು ತಿದ್ದಿದರೆ ಅಲನಿನ್ ಏರಿಕೆಯೂ ಬಹುಪಾಲು ಅಳಿಸಿಹೋದಂತೆ ಕಾಣುತ್ತದೆ! ಜೀನು ಕಂಡು ಕುದುರೆ ಬೆದರಿದರೂ ಸಾಕು, ಪಿಸಿವಿ ಏರುತ್ತದೆ.

ಇನ್ನು ಅಲನಿನ್ ಯಾಕೆ? ಓಟದಲ್ಲಿ ಗ್ಲೈಕೋಜನ್ (ಸ್ನಾಯು ಕೂಡಿಟ್ಟ ಸಕ್ಕರೆ) ಭರ್ರನೆ ಒಡೆದು ಅದರ ತುಣುಕಾದ ಪೈರುವೇಟ್ ರಾಶಿ ಬೀಳುತ್ತದೆ. ಬಹುಪಾಲು ಲ್ಯಾಕ್ಟೇಟ್ ಆಗುತ್ತದೆ. ಒಂದಿಷ್ಟು, ಸ್ನಾಯುವಿನೊಳಗಿನ ಗ್ಲುಟಮೇಟಿನಿಂದ ಅಮೈನೋ ಗುಂಪು ಪಡೆದು ಅಲನಿನ್ ಆಗಿ ರಕ್ತಕ್ಕೆ ಬರುತ್ತದೆ. ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ. ಲ್ಯಾಕ್ಟೇಟ್ 22 ಇರುವ ಕುದುರೆಯಲ್ಲಿ ಅಲನಿನ್ ಏರದಿದ್ದರೇ ಆಶ್ಚರ್ಯ. ಅದರ ಇಂಗಾಲ ಗ್ಲೈಕೋಜನ್‌ದು, ಮಾಂಸದ್ದಲ್ಲ.

ಸ್ನಾಯು ನಿಜವಾಗಿ ಒಡೆಯುತ್ತಿದೆಯೇ ಅಂತ ಅನುಮಾನವಿದ್ದರೆ ಅದೇ ರಿಪೋರ್ಟಿನಲ್ಲಿ ಫಿನೈಲಲನಿನ್, ಟೈರೋಸಿನ್ ನೋಡಿ. ಸ್ನಾಯು ಅವನ್ನು ಉರಿಸುವುದಿಲ್ಲ, ಪ್ರೋಟೀನ್ ಒಡೆದರೆ ಹಾಗೇ ಹೊರಗೆ ಬಿಡುತ್ತದೆ. ತಿದ್ದಿದ ಮೇಲೂ ಅವು ಏರಿದ್ದರೆ ಯೋಚಿಸೋಣ. ಸ್ನಾಯುವಿಗೆ ಏಟಾಗಿದೆಯೇ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಸಿಕೆ, ಏಟಾದ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಕಿಣ್ವ. ಓಟವಾದ 4–6 ಗಂಟೆಗೆ ತೆಗೆಯಿರಿ, 24 ಗಂಟೆಗೆ ಅಂಥದೇ ಇನ್ನೊಂದು ಕಿಣ್ವ ಎಎಸ್‌ಟಿ. ಐದು ನಿಮಿಷಕ್ಕೆ ತೆಗೆದ ಸಿಕೆ ಏನೂ ಹೇಳುವುದಿಲ್ಲ.

ಲ್ಯಾಬ್_ಕುಶಾಲನಗರ:
ಡಾಕ್ಟ್ರು ಗ್ಲುಟಮಿನ್ ಸಾಲು ಬಿಟ್ಟರು. ತಿದ್ದಿ ನೋಡಿ: ಗ್ಲುಟಮಿನ್ 340ರಿಂದ 243ಕ್ಕೆ, 97 ಕಮ್ಮಿ. ಗ್ಲುಟಮೇಟ್ 45ರಿಂದ 130ಕ್ಕೆ, 85 ಜಾಸ್ತಿ. ಒಂದರಿಂದ ಹೋದದ್ದು ಹೆಚ್ಚುಕಡಿಮೆ ಇನ್ನೊಂದಕ್ಕೆ ಬಂದಿದೆ. ಇದು ಕುದುರೆಯೊಳಗೆ ಆದದ್ದಲ್ಲ, ಬಸ್ಸಿನಲ್ಲಿ ಆದದ್ದು ಅನ್ನುವುದು ನನ್ನ ಓದು. ಕಣಗಳ ಜೊತೆ ಗಂಟೆಗಟ್ಟಲೆ ಕೂತರೆ ಗ್ಲುಟಮಿನ್ ಒಡೆದು ಗ್ಲುಟಮೇಟ್, ಅಮೋನಿಯ ಆಗುತ್ತದೆ. ಮೇಲೆ ಗುಲಾಬಿ ಪ್ಲಾಸ್ಮಾ: ಕೆಂಪು ಕಣ ಒಡೆದು ಒಳಗಿನ ಸರಕು ಹೊರಗೆ ಬಂದಿದೆ. ಏದುಸಿರು ಬಿಡುತ್ತಾ ತಲೆ ಕೊಡವುವ ಕುದುರೆಗೆ ಸಣ್ಣ ಸೂಜಿ ಹಾಕಿ ಸಿರಿಂಜ್ ಜೋರಾಗಿ ಎಳೆದರೆ ಹೀಗಾಗುತ್ತದೆ. ಮೊದಲನೇ ಟ್ಯೂಬ್ ಚೆನ್ನಾಗಿದ್ದದ್ದಕ್ಕೇ ವ್ಯತ್ಯಾಸ ಇಷ್ಟು ದೊಡ್ಡದಾಗಿ ಕಂಡಿದೆ.

ಮುಂದಿನ ಸಲ ಹೀಗೆ ಮಾಡಿ. ಮೊದಲ ಸ್ಯಾಂಪಲ್ ಲಾಯದೊಳಗೇ, ಜೀನು ತರುವ ಮೊದಲು, ಬೆಳಗಿನ ದಾಣಿ ಹಾಕುವ ಮುಂಚೆ. ತಿಂದ ಎರಡು ಮೂರು ಗಂಟೆಗೆ ಅಮೈನೋ ಆಮ್ಲಗಳು ತಾವಾಗೇ ಏರಿರುತ್ತವೆ, ಅದನ್ನು ಓಟದ ತಲೆಗೆ ಕಟ್ಟಬಾರದು. 18 ಗೇಜ್ ಸೂಜಿ, ಕತ್ತಿನ ದೊಡ್ಡ ನಾಳ, ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್. ಕುಲುಕದೆ ಎಂಟು ಹತ್ತು ಸಲ ತಲೆಕೆಳಗು ಮಾಡಿ, ನೀರು ಬೆರೆಸಿದ ಐಸಿನಲ್ಲಿ ನಿಲ್ಲಿಸಿ. ಅರ್ಧ ಗಂಟೆಯೊಳಗೆ ಊರಿನ ಯಾವುದಾದರೂ ಲ್ಯಾಬಿನಲ್ಲಿ 3,000 ಆರ್‌ಪಿಎಂಗೆ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿಸಿ. ಪ್ಲಾಸ್ಮಾ ಎಳೆಯುವಾಗ ಕೆಂಪಿನ ಮೇಲಿನ ಬಿಳಿ ಪದರ ಮುಟ್ಟಬೇಡಿ, ಬಿಳಿ ಕಣ, ಪ್ಲೇಟ್‌ಲೆಟ್‌ಗಳಲ್ಲಿ ಟೌರಿನ್ ಎಂಬ ಅಮೈನೋ ಆಮ್ಲ ತುಂಬಿರುತ್ತದೆ. ರಕ್ತ ಹೆಪ್ಪುಗಟ್ಟಿಸಿ ತೆಗೆಯುವ ಸೀರಂ ಬೇಡ ಅನ್ನುವುದೂ ಅದಕ್ಕೇ. ಬೆಂಗಳೂರಿಗೆ ಹೋಗಬೇಕಾದದ್ದು ಆ ಪ್ಲಾಸ್ಮಾ ಮಾತ್ರ, ಥರ್ಮೊಕೋಲ್ ಡಬ್ಬದಲ್ಲಿ ಡ್ರೈ ಐಸ್ ಹಾಕಿ. ಫ್ರಿಜ್ಜಿನ ಫ್ರೀಜರಿನಲ್ಲಿ ವಾರಗಟ್ಟಲೆ ಇಟ್ಟರೆ ಗ್ಲುಟಮಿನ್ ಅಲ್ಲೂ ಕರಗುತ್ತದೆ, ಮೈನಸ್ 80 ಬೇಕು.

ಗೋಣಿಕೊಪ್ಪ_ಲಾಯ:
ತುಂಬಾ ಉಪಕಾರ. ಹಾಗಾದರೆ ಪೌಡರ್ ಬೇಡವೇ? ಈಗ ಕೊಡುತ್ತಿರುವುದು ಓಟ್ಸ್ 4 ಕೆ.ಜಿ., ಬೇಯಿಸಿದ ಹುರುಳಿ, ಗೋಧಿ ಬೂಸ, ಜೊತೆಗೆ ಕೊಯ್ದು ತಂದ ನೇಪಿಯರ್ ಹುಲ್ಲು. ಹಾಸಿಗೆಗೆ ಪಲ್ಪರ್ ಹೌಸಿನ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಜಾಗ) ಪಕ್ಕದ ಒಣ ಕಾಫಿ ಹೊಟ್ಟು.

ದಾಣಿ_ಲೆಕ್ಕ:
ಕಾಫಿ ಹೊಟ್ಟು ಇವತ್ತೇ ತೆಗೆಸಿ ಅಣ್ಣ. ಕುದುರೆ ಹಾಸಿಗೆ ಮೆಲ್ಲದೆ ಬಿಡುವುದಿಲ್ಲ, ಹೊಟ್ಟಿನಲ್ಲಿ ಕೆಫೀನ್ ಇದೆ, ರೇಸಿಂಗ್ ನಿಯಮದಲ್ಲಿ ಕೆಫೀನ್ ನಿಷಿದ್ಧ. ಮತ್ತೆ ಓಡಿಸುವ ಕುದುರೆಯಾದರೆ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಭತ್ತದ ಹುಲ್ಲು ಅಥವಾ ಮರದ ಹೊಟ್ಟು ಹಾಕಿ.

ಬಿಸಿಎಎ ವಿಷಯ: ಕುದುರೆಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಓಟಕ್ಕೆ ಮುಂಚೆ ಕೊಟ್ಟಾಗ ಫಲ ಒಂದೇ ರೀತಿ ಬಂದಿಲ್ಲ. ಓಟದ ನಂತರದ ಅಮೋನಿಯ ತೋರಿಸಿ ಮಾರುವುದೂ ಉಂಟು. ಸ್ಪ್ರಿಂಟ್ ಓಟದಲ್ಲಿ ಅದು ಹೆಚ್ಚಾಗಿ ಸ್ನಾಯುವಿನ ಇಂಧನವಾದ ಎಟಿಪಿ ಖಾಲಿಯಾಗಿ, ಅದರ ಉಳಿಕೆ ಎಎಂಪಿ ಒಡೆಯುವುದರಿಂದ ಬರುತ್ತದೆ, ಪೌಡರಿನಿಂದ ನಿಲ್ಲುವುದಲ್ಲ. ಕುದುರೆಯ ಮೇವಿನಲ್ಲಿ ಮೊದಲು ಕೊರತೆ ಬೀಳುವುದು ಲೈಸಿನ್ ಎಂಬ ಅಮೈನೋ ಆಮ್ಲ. 500 ಕೆ.ಜಿ. ಕುದುರೆಗೆ ಸುಮ್ಮನೆ ನಿಂತರೆ ದಿನಕ್ಕೆ 27 ಗ್ರಾಂ, ರೇಸಿನಂಥ ಅತಿ ಕಠಿಣ ಕೆಲಸಕ್ಕೆ 43 ಗ್ರಾಂ. ಪ್ರೋಟೀನ್ 630 ಗ್ರಾಂ ಇದ್ದದ್ದು ಸುಮಾರು 1,000 ಗ್ರಾಂ ಆಗುತ್ತದೆ. ನಿಮ್ಮ ನಾಲ್ಕು ಕಿಲೋ ಓಟ್ಸಿನಿಂದ ಬರುವ ಲೈಸಿನ್ 16 ಗ್ರಾಂ ಆಸುಪಾಸು. ಹುರುಳಿ ಒಳ್ಳೆಯದು, ಕಿಲೋಗೆ 220 ಗ್ರಾಂ ಪ್ರೋಟೀನ್, ಲೈಸಿನ್ ಚೆನ್ನಾಗಿದೆ, ಮೆಥಿಯೊನಿನ್ ಕಮ್ಮಿ. ಬೇಯಿಸುವುದನ್ನು ಮಾತ್ರ ಬಿಡಬೇಡಿ, ಹಸಿಯದರಲ್ಲಿ ಪ್ರೋಟೀನ್ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶವಿದೆ. ಇದರ ಜೊತೆ ಅರ್ಧ ಕಿಲೋ ಸೋಯಾ ಹಿಂಡಿ ಸೇರಿಸಿದರೆ ಇನ್ನೂ 14 ಗ್ರಾಂ ಲೈಸಿನ್. ಪೌಡರ್ ಡಬ್ಬದ ಬೆಲೆಗೆ ಎಷ್ಟು ದಿನ ಬರುತ್ತದೆ ನೀವೇ ಲೆಕ್ಕ ಹಾಕಿ.

ಹೊತ್ತಿನ ವಿಷಯಕ್ಕೆ ಬಂದರೆ, ಓಟ ಮುಗಿದ ಮೇಲಿನ ದಾಣಿಗೆ ಬೆಲೆ ಹೆಚ್ಚು. ಥರೋಬ್ರೆಡ್‌ಗಳಿಗೆ ಓಟದ ಬಳಿಕ ಗ್ಲೂಕೋಸ್ ಜೊತೆ ಅಮೈನೋ ಆಮ್ಲ ನಾಳಕ್ಕೇ ಕೊಟ್ಟಾಗ ಹಿಂಗಾಲಿನ ಸ್ನಾಯು ಪ್ರೋಟೀನ್ ಕಟ್ಟುವುದು ಹೆಚ್ಚಿದೆ. ಆದ್ದರಿಂದ ಮೈ ತಣಿದು ಉಸಿರು ಸಮವಾದ ಮೇಲೆ, ನೀರು, ಹುಲ್ಲು ಕೊಟ್ಟು, ಒಂದೆರಡು ಗಂಟೆಯೊಳಗೆ ಸೋಯಾ ಸೇರಿದ ಸಣ್ಣ ದಾಣಿ ಹಾಕಿ. "ಕುದುರೆ ಶಾಂತವಾಗುತ್ತದೆ" ಅಂತ ಟ್ರಿಪ್ಟೋಫ್ಯಾನ್ ಕೊಡಲು ಹೇಳುವವರಿದ್ದಾರೆ, ಕೆಲಸದ ದಿನ ಬೇಡ. ನಾಳಕ್ಕೆ ಕೊಟ್ಟು ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ ಕುದುರೆಗಳು ಬೇಗ ಸೋತಿವೆ.

ನೇಪಿಯರಿನ ಆಕ್ಸಲೇಟ್ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ, ಬೂಸದಲ್ಲಿ ರಂಜಕ ಜಾಸ್ತಿ. ಎರಡೂ ಒಟ್ಟಿಗೆ ತಿಂಗಳುಗಟ್ಟಲೆ ಕೊಟ್ಟರೆ ಮೂಳೆ ಸೊರಗಿ ಮುಖ ಊದಿಕೊಳ್ಳುತ್ತದೆ. ಬೂಸ ಅರ್ಧಕ್ಕೆ ಇಳಿಸಿ, ನೇಪಿಯರಿನ ಒಂದು ಭಾಗಕ್ಕೆ ಒಣ ಕುದುರೆ ಮಸಾಲೆ ಹುಲ್ಲು (ಲೂಸರ್ನ್) ತರಿಸಿ. ಮಳೆಗಾಲದಲ್ಲಿ ಇಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ನೆಲದಿಂದ ಎತ್ತರದ ಅಟ್ಟದಲ್ಲಿ ಇಡಿ, ಕಪ್ಪು ಚುಕ್ಕೆ ಕಂಡ ಕಂತೆಯನ್ನು ಕುದುರೆಗೆ ಹಾಕಲೇಬೇಡಿ.