ಸಿಪಿಯು ಗ್ರಾಫ್ ಅರ್ಧಕ್ಕೂ ಮುಟ್ಟಿಲ್ಲ, ಪಾಡ್ ಮಾತ್ರ ಯಾಕೆ ಇಷ್ಟು ಸ್ಲೋ?

ಬದಿಯಡ್ಕದವ:
ಕುಬರ್ನೆಟಿಸ್ (ಸರ್ವರಲ್ಲಿ ಆಪ್‌ಗಳನ್ನು ನಡೆಸಿ ನೋಡ್ಕೊಳ್ಳುವ ವ್ಯವಸ್ಥೆ) ಗೊತ್ತಿರುವವರು ಯಾರಾದ್ರೂ ಇದ್ದೀರಾ? ಇಲ್ಲಿನ ಅಡಿಕೆ ವ್ಯಾಪಾರಿಗಳಿಗೆ ಒಂದು ಬಿಲ್ಲಿಂಗ್ ಆಪ್ ನಡೆಸ್ತಾ ಇದ್ದೇವೆ, ಅದು ಓಡುವ ಪಾಡ್‌ಗೆ (ಕುಬರ್ನೆಟಿಸಲ್ಲಿ ಆಪ್ ಓಡುವ ಘಟಕ) ಸಿಪಿಯು ಲಿಮಿಟ್ ಅರ್ಧ ಕೋರ್ ಕೊಟ್ಟದ್ದು, ಗ್ರಾಫಾನಾದಲ್ಲಿ (ಗ್ರಾಫ್ ತೋರಿಸುವ ಟೂಲ್) ಅದ್ರ 40% ದಾಟುವುದೇ ಇಲ್ಲ, ಆದ್ರೆ ಬೆಳಿಗ್ಗೆ ಬಿಲ್ ಹಾಕ್ಲಿಕ್ಕೆ ಹೋದ್ರೆ ಸುತ್ತುತ್ತಾ ಕೂತ್ಕೊಳ್ತದೆ. ಎಂತ ಕತೆ ಮಾರಾಯ್ರೆ ಇದು?

ಕುಂಬಳೆ_ಲಿನಕ್ಸ್:
ನೀವು ನೋಡ್ತಿರುವುದು ಸರಾಸರಿ. ಕರ್ನಲ್ (ಲಿನಕ್ಸಿನ ತಿರುಳು) ಲೆಕ್ಕ ಹಾಕುವುದು 100 ಮಿಲಿಸೆಕೆಂಡಿಗೊಮ್ಮೆ, ಅರ್ಧ ಕೋರ್ ಅಂದ್ರೆ ಅದ್ರಲ್ಲಿ 50 ಮಿಲಿಸೆಕೆಂಡ್ ನಿಮ್ಗೆ, ನಾಲ್ಕು ಥ್ರೆಡ್ (ಆಪಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳು) ಒಟ್ಟಿಗೆ ಓಡಿದ್ರೆ ಹನ್ನೆರಡು ಚಿಲ್ಲರೆ ಮಿಲಿಸೆಕೆಂಡಲ್ಲೇ ಖಾಲಿ, ಉಳಿದ ಹೊತ್ತು ಪಾಡ್ ಸುಮ್ನೆ ನಿಂತಿರ್ತದೆ. ಐದು ನಿಮಿಷದ ಗ್ರಾಫಲ್ಲಿ ಇದೆಲ್ಲ ಎಲ್ಲಿ ಕಾಣ್ಬೇಕು? ಥ್ರಾಟಲ್ಡ್ ಪೀರಿಯಡ್ಸನ್ನು (ಹೀಗೆ ಪಾಡನ್ನು ತಡೆದು ನಿಲ್ಲಿಸಿದ 100 ಮಿಲಿಸೆಕೆಂಡಿನ ಅವಧಿಗಳು) ಒಟ್ಟು ಪೀರಿಯಡ್ಸಿಂದ ಭಾಗಿಸಿ ನೋಡಿ.

ಬದಿಯಡ್ಕದವ:
ಅಬ್ಬಾ, ಬೆಳಿಗ್ಗೆ ಹೊತ್ತಲ್ಲಿ 60% ಥ್ರಾಟಲ್ ಉಂಟು! ಲಿಮಿಟ್ಟೇ ತೆಗೆದ್ಬಿಡ್ಲಾ?

ಉಪ್ಪಳದಿಂದ:
ರಿಕ್ವೆಸ್ಟ್ (ಪಾಡ್‌ಗೆ ಕಾದಿರಿಸುವ ಪಾಲು) ಸರಿ ಕೊಟ್ಟಿದ್ರೆ ಸಿಪಿಯುದ್ದು ತೆಗೀಬಹುದು, ನಾನಂತೂ ಇಡುವುದೇ ಇಲ್ಲ. ಮೆಮೊರಿ ಲಿಮಿಟ್ ಮಾತ್ರ ಮುಟ್ಲಿಕ್ಕೆ ಹೋಗ್ಬೇಡಿ. ಹಾಂ, ಮೆಮೊರಿ ಗ್ರಾಫಲ್ಲಿ ಯೂಸೇಜ್ ಬೈಟ್ಸ್ ನೋಡಿ ಹೆದರ್ಬೇಡಿ, ಪೇಜ್ ಕ್ಯಾಶ್ (ಓದಿದ ಫೈಲುಗಳನ್ನು ಮೆಮೊರಿಯಲ್ಲಿ ಇಟ್ಕೊಂಡದ್ದು) ಎಲ್ಲ ಅದ್ರೊಳಗೇ ಸೇರಿರ್ತದೆ, ವರ್ಕಿಂಗ್ ಸೆಟ್ (ಸುಲಭದಲ್ಲಿ ಬಿಡಿಸ್ಕೊಳ್ಳಲಾಗದ ಮೆಮೊರಿಯ ಲೆಕ್ಕ) ನೋಡಿ.

ಕುಂಬಳೆ_ಲಿನಕ್ಸ್:
ಮತ್ತೆ ಗ್ರಾಫಲ್ಲಿ ಎಲ್ಲ ಪಾಡ್‌ಗಳ ಒಟ್ಟು ಲಿಮಿಟ್ ಕೂಡಿಸುವಾಗ ಮುಗಿದುಹೋದ ಜಾಬ್ ಪಾಡ್‌ಗಳೂ (ಒಂದು ಕೆಲಸ ಮುಗಿಸಿ ನಿಲ್ಲುವಂಥವು) ಲೆಕ್ಕಕ್ಕೆ ಬರ್ತವೆ, ರನ್ನಿಂಗ್ ಇರುವವನ್ನು ಮಾತ್ರ ಫಿಲ್ಟರ್ ಮಾಡ್ಕೊಳ್ಳಿ.